ಒಂದು ಚುಕ್ಕಿ ಇಟ್ಟೆ, ಅಕ್ಕನ ನಂಬರೂ ಹೋಯಿತು

ವರದಿ ಕೆಲಸ ಮುಗಿದ ಮೇಲೆ ರಾತ್ರಿ ಒಂದು ಉಚಿತ ಆ್ಯಪನ್ನು ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಓಪನ್ ಸೋರ್ಸ್ ಆ್ಯಪ್ ಅದು. ಅದರ ಒಳಗಿನ ಬರಹವೆಲ್ಲ ಬಹಿರಂಗ, ಯಾರು ಬೇಕಾದರೂ ನೋಡಬಹುದು, ತಿದ್ದಿ ಕಳಿಸಬಹುದು. ಕಳಿಸೋದು ಗಿಟ್ ಅನ್ನೋ ತಂತ್ರಾಂಶದಿಂದ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಮಾಡಿದ್ದು. ಯಾರು ಯಾವಾಗ ಏನು ಬದಲಿಸಿದರು ಅನ್ನೋದನ್ನೆಲ್ಲ ಅದು ನೆನಪಿಟ್ಟುಕೊಳ್ಳುತ್ತೆ. ನನಗೆ ತೊಂದರೆ ಆಗಿದ್ದೂ ಅದರಿಂದಲೇ.

ಅನುವಾದದ ಫೋಲ್ಡರಿನಲ್ಲೇ ನನ್ನ ಟಿಪ್ಪಣಿ ಫೈಲೂ ಇತ್ತು. ಯಾವ ಪದಕ್ಕೆ ಏನನ್ನಬೇಕು, ಎಷ್ಟು ಸಾಲು ಬಾಕಿ, ಇಂಥವು. ಒಂದು ದಿನ ಅವಸರದಲ್ಲಿ, ಕೂಲಿ ಬಾಕಿ ಬಗ್ಗೆ ಫೋನಿನಲ್ಲಿ ಮಾತಾಡಿದ ಅಕ್ಕನ ಹೆಸರು, ನಂಬರು, ಮೇಸ್ತ್ರಿ ಮೇಲೆ ಅವರು ಹೇಳಿದ್ದು, ಎಲ್ಲವನ್ನೂ ಅದರಲ್ಲೇ ಬರೆದೆ. ಹೆಸರು ಹಾಕಬೇಡ ಅಂತ ಅವರು ಮೊದಲೇ ಹೇಳಿದ್ದರು. ಆ ರಾತ್ರಿ ‘ಗಿಟ್ ಆ್ಯಡ್’ ಅಂತ ಬರೆದು ಮುಂದೆ ಒಂದು ಚುಕ್ಕಿ ಇಟ್ಟೆ. ಚುಕ್ಕಿ ಇಟ್ಟರೆ ಫೋಲ್ಡರಿನಲ್ಲಿ ಇರೋದೆಲ್ಲ ಸೇರುತ್ತೆ. ಸೇರಿತು, ಹೋಯಿತು.

ಬೆಳಿಗ್ಗೆ ಆ್ಯಪ್ ನೋಡಿಕೊಳ್ಳುವವರೊಬ್ಬರು, "ಇದು ನಿಮ್ಮ ಸ್ವಂತ ಫೈಲ್ ಅಲ್ವಾ?" ಅಂತ ಕೇಳಿದರು. ಎದೆ ಧಸಕ್ಕೆಂದಿತು. ಅಳಿಸಿ ಮತ್ತೆ ಕಳಿಸಿದೆ. ಫೈಲ್ ಹೋಯಿತು, ಆದರೆ ಹಳೆಯ ದಾಖಲೆಯಲ್ಲಿ ಹಾಗೇ ಉಳಿಯಿತು. ಆ ದಾಖಲೆಯನ್ನೇ ತಿದ್ದಿ, ತಾಣದವರಿಗೂ ಬರೆದು ತೆಗೆಸಬೇಕಾಯಿತು.

ಆಮೇಲೆ ಜಾಣತನ ಮಾಡಲು ಹೋಗಿ ಟಿಪ್ಪಣಿ ಫೈಲಿನ ಹೆಸರನ್ನು ‘ಗಿಟ್‌ಇಗ್ನೋರ್’ ಪಟ್ಟಿಗೆ ಹಾಕಿದೆ. ಅದರಲ್ಲಿದ್ದ ಫೈಲನ್ನು ಗಿಟ್ ಸೇರಿಸಲ್ಲ, ನಿಜ. ಆದರೆ ಆ ಪಟ್ಟಿ ಎಲ್ಲರಿಗೂ ಸೇರಿದ್ದು, ಅದೂ ಕೆಲಸದ ಜೊತೆ ಹೋಗುತ್ತೆ. ನನ್ನ ಕಂಪ್ಯೂಟರಿನಲ್ಲಷ್ಟೇ ಇರುವ ಪಟ್ಟಿ ಬೇರೆ: ಗಿಟ್‌ನ ಗುಪ್ತ ಫೋಲ್ಡರಿನ ಒಳಗೆ ‘ಇನ್ಫೋ’, ಅದರೊಳಗೆ ‘ಎಕ್ಸ್‌ಕ್ಲೂಡ್’ ಅನ್ನೋ ಫೈಲ್. ಅದು ಎಲ್ಲಿಗೂ ಹೋಗಲ್ಲ. ಒಮ್ಮೆ ಸೇರಿಸಿಬಿಟ್ಟ ಫೈಲಿಗೆ ಮಾತ್ರ ಎರಡೂ ನಾಟಲ್ಲ. ಈಗ ಚುಕ್ಕಿ ಬಿಟ್ಟು ಒಂದೊಂದೇ ಫೈಲಿನ ಹೆಸರು ಬರೀತೀನಿ. ನಂಬರುಗಳು ಕಾಗದದ ಡೈರಿಗೆ ಹೋದವು.

ಫೈಲ್ ಕಂಡ ದಿನವೇ ಸಂಜೆ ಅಕ್ಕನ ಮನೆಗೆ ಹೋಗಿದ್ದೆ. ಗಿಟ್ ಗಿಟ್ ಅಂತ ಏನೇನೋ ವಿವರಿಸಿದೆ. ಅವರು ರೊಟ್ಟಿ ಬಡಿಯೋದು ನಿಲ್ಲಿಸಿ ಒಂದೇ ಮಾತು ಕೇಳಿದರು: "ಯಾರಾರ ನೋಡ್ಯಾರೇನ ತಂಗಿ?"

"ಗೊತ್ತಿಲ್ರಿ ಅಕ್ಕಾ," ಅಂದೆ.

"ಹಂಗಾರ ಸದ್ಯಕ್ಕ ಬರೀಬ್ಯಾಡ."

ಆ ವರದಿ ಇನ್ನೂ ಬರೆದಿಲ್ಲ.