ಬಿಲ್ಲೇರಿದವನ ಧೈರ್ಯ

ಹೂವಿನಹಡಗಲಿ ಎಂದೊಡನೆ ನಮಗೆಲ್ಲ ನೆನಪಾಗುವುದು ಮಲ್ಲಿಗೆ. ಅದೇ ತಾಲ್ಲೂಕಿನ ಮೈಲಾರವನ್ನು ನೋಡಿದ್ದೀರಾ? ಭರತ ಹುಣ್ಣಿಮೆಯ ಜಾತ್ರೆಗೆ ಮಕ್ಕಳುಮರಿಯೊಡನೆ ರೊಟ್ಟಿಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಬರುವ ಹೆಂಗಸರಿಗೆ ತುಂಗಭದ್ರೆಯ ದಂಡೆಯೇ ಮನೆ. ಧೂಳು, ನೂಕುನುಗ್ಗಲು ಇದ್ದದ್ದೇ ಅಂತಾರೆ, ಗೊಣಗುವುದಿಲ್ಲ.

ಕಾರಣಿಕದ ಸಂಜೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರುತ್ತಾನೆ. 'ಸದ್ದಲೇ' ಎಂದೊಡನೆ ಲಕ್ಷಾಂತರ ಜನ ಗಪ್‌ಚಿಪ್! ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಆ ಸಾಲಿನ ಅರ್ಥವೇನು? ಮಳೆಯೋ, ಬರವೋ, ರಾಜಕೀಯವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಖಚಿತ ಯಾವುದೂ ಇಲ್ಲ. ಆದರೂ ಊರಿಗೆ ಮರಳಿ ಬಿತ್ತನೆಯ ಲೆಕ್ಕ ಹಾಕುತ್ತಾರೆ. ಮಳೆ ನಂಬಿದವರು ಎಲ್ಲ ಗೊತ್ತಾದ ಮೇಲೇ ಬಿತ್ತುತ್ತೇವೆಂದು ಕೂತರೆ ಹೊಲ ಬೀಳುಬಿದ್ದೀತು. ಹೊಸ ಕೆಲಸ, ಹೊಸ ಊರು ಎಂದು ಅಳುಕುವ ನಮಗೂ ಇದೇ ಮಾತು ಸಲ್ಲುತ್ತದಲ್ಲವೇ?