ನಿಧಾನದ ನಕಲು

ಕಾಸರವಳ್ಳಿ ಸಿನಿಮಾ ನಿಧಾನ ಅನ್ನುವವರ ಜೊತೆ ನಾನು ವರ್ಷಗಟ್ಟಲೆ ಜಗಳವಾಡಿದ್ದೇನೆ. ಮದುವೆಮನೆಯ ಪಂಕ್ತಿಯಲ್ಲಿ, ರಾತ್ರಿ ಬಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ. ‘ನಿಮಗೆ ತಾಳ್ಮೆ ಇಲ್ಲ, ಅಷ್ಟೇ’ ಎಂದು ಎದುರಿಗಿದ್ದವರ ಬಾಯಿ ಮುಚ್ಚಿಸಿದ್ದೂ ಉಂಟು. ಈಗ ನೆನೆದರೆ ನಗು ಬರುತ್ತದೆ. ಆ ಸಿನಿಮಾಗಳಲ್ಲಿ ಏನೂ ನಡೆಯುವುದಿಲ್ಲ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಅವರಿಗೆ ಅದು ಬೇಜಾರು, ನನಗೆ ಅದೇ ಹೆಚ್ಚುಗಾರಿಕೆ. ನನ್ನ ನಂಬಿಕೆಯ ಬಂಡವಾಳ ಬಯಲಾದದ್ದು ನಾನೇ ಒಂದು ಕಿರುಚಿತ್ರ ಮಾಡಹೊರಟಾಗ.

ಮೆಚ್ಚಿನ ನಿರ್ದೇಶಕರ ಪಟ್ಟಿ ಆಗ ನನಗೆ ಬಾಯಿಪಾಠ. ಸತ್ಯಜಿತ್ ರಾಯ್, ಜಪಾನಿನ ಯಾಸುಜಿರೊ ಓಝು, ರಷ್ಯಾದ ತಾರ್ಕೋವ್‌ಸ್ಕಿ, ನಮ್ಮ ಗಿರೀಶ ಕಾಸರವಳ್ಳಿ. ಒಬ್ಬೊಬ್ಬರ ಅತ್ಯುತ್ತಮ ಚಿತ್ರ ಯಾವುದು ಎಂದು ಕೇಳಿದರೆ ಉಸಿರು ಬಿಡದೆ ಹೇಳುತ್ತಿದ್ದೆ. ಯಾರಾದರೂ ಪುಟ್ಟಣ್ಣ ಕಣಗಾಲ್ ಹೆಸರೆತ್ತಿದರೆ ‘ಅವರದ್ದು ಬೇರೆ ಖಾತೆ ಬಿಡಿ’ ಎಂದು ಮಾತು ತಿರುಗಿಸುತ್ತಿದ್ದೆ. ಅಮ್ಮನ ಪಟ್ಟಿಯಲ್ಲಿ ಇದ್ದದ್ದೇ ಪುಟ್ಟಣ್ಣ. ‘ಶರಪಂಜರ’ ಟೀವಿಯಲ್ಲಿ ಬಂದಾಗೆಲ್ಲ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತರೆ, ಹಿಂದಿನಿಂದ ನಾನು ‘ನೋಡು, ಈಗ ಝೂಮ್ ಮಾಡ್ತಾರೆ’ ಎಂದು ಹೇಳಿ ನಗುವವನು. ಝೂಮ್ ಬಂದೇ ಬರುತ್ತಿತ್ತು. ಗೆದ್ದೆ ಅಂದುಕೊಳ್ಳುತ್ತಿದ್ದೆ.

ಕಿರುಚಿತ್ರದ ಕತೆ ಹೇಳಲು ಒಂದು ಸಾಲು ಸಾಕು. ಸಾಗರ ತಾಲೂಕಿನ ಒಂದು ಅಡಿಕೆ ತೋಟದ ಮನೆ, ಕೊಯ್ಲಿಗೆ ಬರುತ್ತೇನೆಂದ ಅಮೆರಿಕದ ಮಗ, ಅವನಿಗೆ ಕಾಯುವ ತಾಯಿ, ಬಾರದ ಮಗ. ಇಂಥ ಕತೆ ಮಲೆನಾಡಿನ ಪ್ರತಿ ಎರಡನೇ ಮನೆಯಲ್ಲಿದೆ, ಆದ್ದರಿಂದ ಕತೆಯ ಬಗ್ಗೆ ತಲೆಕೆಡಿಸಿಕೊಳ್ಳುವ ಅಗತ್ಯವೇ ಕಾಣಲಿಲ್ಲ. ನನ್ನ ತಲೆಯಲ್ಲಿದ್ದದ್ದು ಶಾಟ್‌ಗಳು. ಕ್ಯಾಮೆರಾ ಅಲುಗಬಾರದು, ಹಿನ್ನೆಲೆ ಸಂಗೀತ ಬೇಡ, ಮಾತು ಆದಷ್ಟು ಕಡಿಮೆ. ಬ್ಯಾಂಕಿನಲ್ಲಿದ್ದ ಎಫ್‌ಡಿ ಮುರಿದು ಕ್ಯಾಮೆರಾದ ಹುಡುಗರನ್ನು ಕರೆದುಕೊಂಡು ಊರಿಗೆ ಹೋದೆ. ತಾಯಿಯ ಪಾತ್ರಕ್ಕೆ ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಸಂಭಾವನೆ ಬೇಡ ಎಂದಳು. ಮನೆಗೆ ಬಂದವರಿಗೆಲ್ಲ ಊಟವನ್ನೂ ಅವಳೇ ಹಾಕಿದಳು.

ಇಡೀ ಚಿತ್ರದ ಹೃದಯ ಎಂದು ನಾನು ಅಂದುಕೊಂಡಿದ್ದ ಶಾಟ್ ಇದು: ರಾತ್ರಿ, ಮನೆಯ ಜಗಲಿ, ಒಂದೇ ಬಲ್ಬು. ಅತ್ತೆ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಎಡಗೈಯಲ್ಲಿ ಕಾಯಿ ಹಿಡಿದು ಕತ್ತಿಯ ಬಾಯಿಗೆ ಒತ್ತಿದರೆ ಸಿಪ್ಪೆ ಎದ್ದು ಬರುತ್ತದೆ, ಕೈ ತಿರುಗಿಸಿದರೆ ಇನ್ನೊಂದು ಮಗ್ಗುಲು, ಮೂರನೆಯದಕ್ಕೆ ಅಡಿಕೆ ಬುಟ್ಟಿಗೆ ಬಿದ್ದಿರುತ್ತದೆ. ಅವಳು ಕತ್ತಿಯ ಕಡೆ ನೋಡುವುದೂ ಇಲ್ಲ. ಚಿಕ್ಕಂದಿನಿಂದ ಆ ಕೈಯನ್ನು ನೋಡಿದ್ದೇನೆ, ಸಿನಿಮಾ ಮಾಡಲು ಬೇರೇನು ಬೇಕು ಅನ್ನಿಸಿತ್ತು. ನಾಲ್ಕು ನಿಮಿಷ ಒಂದೇ ಶಾಟ್ ಎಂದು ಹೇಳಿದೆ.

‘ನಾನು ಈಗ ಎಂತ ಯೋಚನೆ ಮಾಡ್ಬೇಕು?’ ಅತ್ತೆ ಕೇಳಿದಳು.

‘ಎಂತದೂ ಬೇಡ ಅತ್ತೆ. ನೀನು ಸುಮ್ನೆ ಸುಲಿ.’

‘ಸುಮ್ನೆ ಯಾರು ಸುಲೀತಾರೆ ಮಾರಾಯ? ಕೈಗಿಂತ ಬಾಯಿಗೇ ಹೆಚ್ಚು ಕೆಲ್ಸ ಇರ್ತದೆ.’

ನಿಜ. ಸುಲಿಯುವ ರಾತ್ರಿ ಎಂದರೆ ನಾಲ್ಕಾರು ಮನೆಯ ಹೆಂಗಸರು ಗಂಡಸರು ಸಾಲಾಗಿ ಕೂತು ಊರಿನ ಸುದ್ದಿಯನ್ನೆಲ್ಲ ಬಿಚ್ಚುವ ರಾತ್ರಿ. ಯಾರ ಮಗಳ ಸಂಬಂಧ ಮುರಿಯಿತು, ಯಾರ ತೋಟಕ್ಕೆ ಕೊಳೆರೋಗ ಬಂತು, ಯಾರು ಯಾರ ಬೇಲಿ ಒತ್ತಿದರು. ನನಗೆ ಅದು ಬೇಡವಾಗಿತ್ತು. ಪಕ್ಕದ ಮನೆಯವರು ಕೈಜೋಡಿಸಲು ಬಂದಿದ್ದರು, ಅವರನ್ನು ಫ್ರೇಮಿನಿಂದ ಎಬ್ಬಿಸಿದೆ. ಅತ್ತೆಯನ್ನು ಒಂಟಿಯಾಗಿ ಕೂರಿಸಿ ಬಾಯಿ ಮುಚ್ಚಿಸಿದೆ. ನಾಲ್ಕು ನಿಮಿಷದ ಮೌನ ಸಿಕ್ಕಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಎಡಿಟಿಂಗಿಗೆ ಸಿಕ್ಕವನು ಬೆಂಗಳೂರಿನಲ್ಲಿ ಸೀರಿಯಲ್ಲು, ಮದುವೆ ವಿಡಿಯೊ ಕತ್ತರಿಸುವ ಹುಡುಗ. ಅವನಿಗೆ ಓಝು ಯಾರೆಂದು ಗೊತ್ತಿರಲಿಲ್ಲ. ನಾನು ಹೇಳಿಕೊಟ್ಟೆ, ಪಾಪ, ಕೇಳಿಸಿಕೊಂಡ. ಜಗಲಿಯ ಶಾಟ್ ಬಂದಾಗ ಮೌಸ್ ಹಿಡಿದು ಹಿಂದೆ ಮುಂದೆ ಎಳೆದು ನೋಡಿದ. ‘ಸರ್, ಇದನ್ನ ಎಲ್ಲಿ ಬೇಕಾದ್ರೂ ಕಟ್ ಮಾಡಬಹುದು’ ಅಂದ. ಕಟ್ ಮಾಡುವುದೇ ಬೇಡ ಎಂದೆ. ‘ಅದಲ್ಲ ಸರ್. ಹತ್ತು ಸೆಕೆಂಡಿಗೆ ಕಟ್ ಮಾಡಿದ್ರೂ ಏನೂ ಹೋಗಲ್ಲ, ಎರಡು ನಿಮಿಷಕ್ಕೆ ಮಾಡಿದ್ರೂ ಏನೂ ಹೋಗಲ್ಲ.’ ಅವನ ಮಾತು ನನಗೆ ಸೀರಿಯಲ್ ಬುದ್ಧಿಯಾಗಿ ಕೇಳಿತು. ನಾಲ್ಕು ನಿಮಿಷವನ್ನೂ ಹಾಗೇ ಉಳಿಸಿದೆ.

ಗೆಳೆಯನ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಪ್ರದರ್ಶನ. ಜಗಲಿಯ ಶಾಟ್ ಶುರುವಾಗಿ ಒಂದು ನಿಮಿಷದೊಳಗೆ ಮೊದಲ ಮೊಬೈಲು ಬೆಳಗಿತು, ಆಮೇಲೆ ಒಂದೊಂದಾಗಿ ಉಳಿದವು. ಮುಗಿದ ಮೇಲೆ ಚಪ್ಪಾಳೆ ಬಿತ್ತು, ಕಾಫಿ ಬಂತು, ‘ಲೊಕೇಶನ್ ಚೆನ್ನಾಗಿದೆ’ ಎಂದು ಎಲ್ಲರೂ ಹೇಳಿದರು. ಸಿನಿಮಾ ಮಾಡಿದವನಿಗೆ ಆ ಮಾತಿನ ಅರ್ಥ ಗೊತ್ತಾಗುತ್ತದೆ. ಕಳಿಸಿದ ಚಿತ್ರೋತ್ಸವಗಳು ಯಾವುವೂ ತೆಗೆದುಕೊಳ್ಳಲಿಲ್ಲ. ಜನರಿಗೆ ತಾಳ್ಮೆ ಇಲ್ಲ ಎಂಬ ನನ್ನ ಹಳೆಯ ಮಾತನ್ನೇ ಮತ್ತೆ ಹೇಳಿಕೊಂಡು ಕೆಲವು ತಿಂಗಳು ಓಡಾಡಿದೆ.

ಆ ಮಾತಿನ ಗಾಳಿ ತೆಗೆದದ್ದು ಅತ್ತೆ. ಊರಿಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವಳು ಸಿನಿಮಾ ತಿಳಿಯದವಳು ಎಂದುಕೊಂಡಿದ್ದೆ, ಅದೂ ನನ್ನದೇ ಕುರುಡು. ಹೆಗ್ಗೋಡು ನಮ್ಮೂರಿಗೆ ದೂರವಲ್ಲ. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಚಿತ್ರಸಮಾಜ ಕಟ್ಟಿ ದೇಶವಿದೇಶದ ಸಿನಿಮಾಗಳನ್ನು ಅಡಿಕೆ ತೋಟದ ಜನರ ಮುಂದೆ ಇಟ್ಟವರು. ಅತ್ತೆ ಅಲ್ಲಿ ರಾಯ್ ಅವರ ‘ಪಥೇರ್ ಪಾಂಚಾಲಿ’ ನೋಡಿದ್ದಳು. ಹೆಸರು ಅವಳಿಗೆ ನೆನಪಿಲ್ಲ, ದೃಶ್ಯ ನೆನಪಿದೆ. ನನ್ನ ಚಿತ್ರ ಮುಗಿದು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಬಂಗಾಳದ ಪಿಚ್ಚರ್‌ನಲ್ಲಿ ಅಪ್ಪ ಊರಿಂದ ಬಂದು ಚೀಲದಿಂದ ಒಂದೊಂದೇ ತೆಗೀತಾನಲ್ಲ’ ಎಂದು ಶುರುಮಾಡಿದಳು. ‘ಮಗಳು ಸತ್ತಿದ್ದು ಅವಂಗೆ ಗೊತ್ತಿಲ್ಲ, ನಂಗೆ ಗೊತ್ತು. ಯಾವಾಗ ಗೊತ್ತಾಗ್ತದೋ ಅಂತ ಉಸಿರು ಹಿಡ್ಕಂಡು ಕೂತಿದ್ದೆ. ಇದ್ರಲ್ಲಿ ನಂಗೂ ಎಂತ ಗೊತ್ತಿಲ್ಲ, ನೋಡೋರಿಗೂ ಎಂತ ಗೊತ್ತಿಲ್ಲ. ನಿಂಗಾದ್ರೂ ಗೊತ್ತಿತ್ತನಾ?’

ನನಗೂ ಗೊತ್ತಿರಲಿಲ್ಲ. ಮಗ ಬರುವುದಿಲ್ಲ ಎಂಬುದು ಅವಳಿಗೆ ಯಾವಾಗ ಗೊತ್ತಾಯಿತು ಎಂಬುದನ್ನೇ ನಾನು ಬರೆದಿರಲಿಲ್ಲ. ಸುಲಿಯುವಾಗ ಅವಳು ಇನ್ನೂ ಕಾಯುತ್ತಿದ್ದಾಳೋ, ಫೋನು ಬಂದಾಗಿದೆಯೋ, ಬಂದಿದ್ದರೂ ಪಕ್ಕದವರಿಗೆ ಹೇಳಿಲ್ಲವೋ? ಅದು ತೀರ್ಮಾನವಾಗಿದ್ದರೆ ಪಕ್ಕದ ಮನೆಯವರನ್ನು ಎಬ್ಬಿಸುತ್ತಲೇ ಇರಲಿಲ್ಲ. ಅವರು ಊರಿನ ಸುದ್ದಿ ಹೇಳುತ್ತಿರಬೇಕು, ಯಾರೋ ‘ಮಗ ಯಾವತ್ತು ಬರ್ತಾನೆ?’ ಎಂದು ಕೇಳಬೇಕು, ಅತ್ತೆಯ ಕೈ ನಿಲ್ಲಬಾರದು. ಇಷ್ಟಿದ್ದರೆ ಶಾಟನ್ನು ಎಲ್ಲಿ ಬೇಕಾದರೂ ಕತ್ತರಿಸಲು ಆ ಹುಡುಗನಿಂದ ಆಗುತ್ತಿರಲಿಲ್ಲ.

‘ಪಥೇರ್ ಪಾಂಚಾಲಿ’ಯ (1955) ಆ ದೃಶ್ಯವನ್ನು ಆಮೇಲೆ ಮತ್ತೆ ಹಾಕಿ ನೋಡಿದೆ. ಹರಿಹರ ತಂದದ್ದನ್ನು ಒಂದೊಂದಾಗಿ ತೋರಿಸುತ್ತಾನೆ, ಕೊನೆಗೆ ದುರ್ಗೆಗೆಂದು ತಂದ ಸೀರೆ. ಸರ್ವಜಯಾ ಅಲ್ಲಿಯವರೆಗೆ ಕಲ್ಲಿನಂತೆ ಇದ್ದವಳು ಸೀರೆಯನ್ನು ಹಲ್ಲಲ್ಲಿ ಕಚ್ಚಿ ಕುಸಿಯುತ್ತಾಳೆ. ಅವಳ ಅಳು ನಮಗೆ ಕೇಳಿಸುವುದಿಲ್ಲ, ಅದರ ಜಾಗದಲ್ಲಿ ತಾರ್ ಶೆಹನಾಯಿ ಚೀರುತ್ತದೆ. ಅತ್ತೆಯಂತೂ ಆಕೆ ಗಟ್ಟಿಯಾಗಿ ಅತ್ತದ್ದನ್ನು ತಾನು ಕಿವಿಯಾರೆ ಕೇಳಿದ್ದೇನೆ ಎಂದು ಇವತ್ತಿಗೂ ವಾದಿಸುತ್ತಾಳೆ. ಸಂಗೀತ ಬಳಸದಿರುವುದೇ ದೊಡ್ಡ ನಿರ್ದೇಶಕರ ಲಕ್ಷಣ ಎಂದು ನಂಬಿ ನನ್ನ ಚಿತ್ರಕ್ಕೆ ಒಂದು ತಂತಿಯನ್ನೂ ಮೀಟಿಸದವನು ನಾನು.

ಓಝು ವಿಚಾರದಲ್ಲಿ ಇನ್ನೂ ನಾಚಿಕೆಗೇಡು. ‘ಟೋಕಿಯೊ ಸ್ಟೋರಿ’ಯಲ್ಲಿ (1953) ಕ್ಯಾಮೆರಾ ಬಹುಮಟ್ಟಿಗೆ ಅಲುಗುವುದೇ ಇಲ್ಲ, ಚಾಪೆಯ ಮೇಲೆ ಕೂತವರ ಮಟ್ಟದಲ್ಲಿ ನೆಲಕ್ಕೆ ಹತ್ತಿರ ನಿಂತಿರುತ್ತದೆ. ಇದನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ. ಆದರೆ ಅವರ ಶಾಟ್‌ಗಳು ಉದ್ದವಲ್ಲ! ಕ್ಯಾಮೆರಾ ನಿಂತಲ್ಲೇ ನಿಂತರೂ ಶಾಟ್ ಬದಲಾಗುತ್ತಲೇ ಇರುತ್ತದೆ, ಮಾತಿಗೆ ಮಾತು, ಮುಖಕ್ಕೆ ಮುಖ. ಅಷ್ಟು ಸಲ ನೋಡಿದ್ದರೂ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅಲುಗದ್ದು ಮತ್ತು ಉದ್ದವಾದದ್ದು ಎರಡೂ ಒಂದೇ ಎಂದುಕೊಂಡು ಅವರ ಹೆಸರಿನಲ್ಲಿ ನಾಲ್ಕು ನಿಮಿಷ ಕೂತೆ.

ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಮತ್ತೆ ನೋಡುವಾಗ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ದೃಶ್ಯದಲ್ಲಿ ಯಾರಿಗೆ ಎಷ್ಟು ಗೊತ್ತು ಎಂದು ಬರೆಯುತ್ತ ಹೋದೆ. ಅನಂತಮೂರ್ತಿಯವರ ಕತೆ ನಮ್ಮವರಿಗೆ ಗೊತ್ತೇ ಇದೆ: ಅಗ್ರಹಾರದ ವೇದಪಾಠಶಾಲೆ, ಉಡುಪರ ವಿಧವೆ ಮಗಳು ಯಮುನಕ್ಕ, ಅವಳ ಬಸಿರು, ಹೊಸದಾಗಿ ಪಾಠಕ್ಕೆ ಬಂದ ಪುಟ್ಟ ನಾಣಿ. ನಾಣಿ ಎಲ್ಲವನ್ನೂ ನೋಡುತ್ತಾನೆ, ಅರ್ಧವೂ ಅರ್ಥವಾಗುವುದಿಲ್ಲ. ದೊಡ್ಡ ಹುಡುಗರಿಗೆ ಅರ್ಥವಾಗುತ್ತದೆ, ಕರುಣೆಯಿಲ್ಲ. ಯಮುನೆಗೆ ಎಲ್ಲ ಗೊತ್ತು, ಹೇಳಿಕೊಳ್ಳಲು ಇರುವವನು ಆ ಮಗುವೊಂದೇ. ಅವಳು ಹುತ್ತಕ್ಕೆ ಕೈಹಾಕುವ ಹೊತ್ತಿಗೆ ನಾವು ನಾಣಿಯ ಕಣ್ಣಲ್ಲೂ ಇರುತ್ತೇವೆ, ಅವನಿಗಿಂತ ಹೆಚ್ಚು ತಿಳಿದವರೂ ಆಗಿರುತ್ತೇವೆ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಕ್ಯಾಮೆರಾ ಆ ಎರಡರ ನಡುವೆ ನಿಂತಿದೆ. ನನ್ನ ನೋಟ್‌ಬುಕ್ಕಿನಲ್ಲಿ ಖಾಲಿ ಉಳಿದ ಪುಟವೇ ಇರಲಿಲ್ಲ, ಕೆಲವು ಕಡೆ ಬರೆಯಲು ಪುರುಸೊತ್ತಾಗದೆ ಸಿನಿಮಾ ನಿಲ್ಲಿಸಬೇಕಾಯಿತು. ಏನೂ ನಡೆಯದ ಸಿನಿಮಾ ಎಂದರೆ ಇದು! ಈ ಚಿತ್ರ ಮಾಡುವಾಗ ಕಾಸರವಳ್ಳಿಯವರಿಗೆ ಇಪ್ಪತ್ತೇಳರ ಆಸುಪಾಸು. ಸ್ವರ್ಣಕಮಲ ಸುಮ್ಮನೆ ಬಂದದ್ದಲ್ಲ.

ಆ ನೋಟ್‌ಬುಕ್ಕನ್ನು ಹಿಡಿದು ‘ಶರಪಂಜರ’ (1971) ನೋಡಲು ಕೂತದ್ದು ಸ್ವಲ್ಪ ತಮಾಷೆಗೆ, ಸ್ವಲ್ಪ ಅಮ್ಮನ ನೆನಪಿಗೆ. ತ್ರಿವೇಣಿಯವರ ಕಾದಂಬರಿ. ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಯ ಮೇಲೆ ಎಲ್ಲರ ಕಣ್ಣು. ಅವಳು ಜೋರಾಗಿ ನಕ್ಕರೆ ಹುಚ್ಚು, ರೇಗಿದರೆ ಹುಚ್ಚು. ಇದು ನಮಗೆ ಗೊತ್ತು, ಅವಳಿಗೂ ಗೊತ್ತು. ಹಾಗಾಗಿ ಕಲ್ಪನಾ ಸುಮ್ಮನೆ ನಿಂತರೂ ಸಾಕು, ಸಿಟ್ಟು ಎಲ್ಲಿ ಹೊರಗೆ ಬಂದುಬಿಡುತ್ತದೋ ಎಂದು ನೋಡುವವನ ಎದೆ ಹೊಡೆದುಕೊಳ್ಳುತ್ತದೆ. ನಾನು ಬೇರೆ ಬೇರೆ ಖಾತೆಯಲ್ಲಿ ಇಟ್ಟಿದ್ದ ಇಬ್ಬರೂ ಒಂದೇ ಕಡೆಯಿಂದ ಬಂಡವಾಳ ತಂದಿದ್ದರು. ಝೂಮ್ ಈಗಲೂ ಬರುತ್ತದೆ, ಈಗಲೂ ನನಗೆ ಕಿರಿಕಿರಿ. ಅತಿಯಾದ ಕಡೆ ಅತಿ ಎಂದೇ ಹೇಳುತ್ತೇನೆ, ಪುಟ್ಟಣ್ಣನವರೇ ಆಗಲಿ. ಅಮ್ಮ ಮಾತ್ರ ಝೂಮ್ ನೋಡಿ ಅತ್ತಿರಲಿಲ್ಲ.

ಪಟ್ಟಿ ಈಗಲೂ ಇದೆ, ಬಿಟ್ಟಿಲ್ಲ. ಯಾರಾದರೂ ಕೇಳಿದರೆ ಹೇಳುತ್ತೇನೆ, ಜಗಳಕ್ಕೂ ಸಿದ್ಧ. ಮೊದಲಾದರೆ ಕಾಸರವಳ್ಳಿಯವರಲ್ಲಿ ‘ದ್ವೀಪ’ವೇ ಮೇಲು ಎನ್ನುತ್ತಿದ್ದೆ. ಆ ಮಳೆ, ಏರುವ ಹಿನ್ನೀರು, ಹಾಲ್ಕೆರೆ ರಾಮಚಂದ್ರರ ಕ್ಯಾಮೆರಾ, ಸೌಂದರ್ಯಾ. ನಾನು ಕದ್ದದ್ದೆಲ್ಲ ಅಲ್ಲಿಂದಲೇ. ಈಗ ನನ್ನ ಓಟು ‘ಗುಲಾಬಿ ಟಾಕೀಸ್’ಗೆ (2008). ವೈದೇಹಿಯವರ ಕತೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಅದನ್ನು ಕಾರ್ಗಿಲ್ ಕಾಲದ ಕುಂದಾಪುರದ ಕರಾವಳಿಗೆ ತಂದು, ಸೂಲಗಿತ್ತಿ ಗುಲಾಬಿಯ ಮನೆಗೆ ಕಲರ್ ಟೀವಿ, ಡಿಶ್ ಆಂಟೆನಾ ಕೊಟ್ಟರು. ಊರಿನ ಹೆಂಗಸರು ಟೀವಿ ನೋಡಲು ಬರುತ್ತಾರೆ. ಕೆಲವರು ಒಳಗೆ ಬರುತ್ತಾರೆ, ಕೆಲವರು ಮುಸ್ಲಿಮರ ಮನೆಯೆಂದು ಹೊರಗೇ ನಿಂತು ಇಣುಕುತ್ತಾರೆ. ಉಮಾಶ್ರೀಯವರ ಗುಲಾಬಿಗೆ ಮನೆ ತುಂಬ ಜನ ಬಂದ ಸಂಭ್ರಮ. ಯಾರು ಹೊಸ್ತಿಲಿನ ಆಚೆ, ಯಾರು ಈಚೆ ಎಂದು ನಾವು ಎಣಿಸುತ್ತಿರುತ್ತೇವೆ, ಅವಳು ಎಣಿಸುತ್ತಿಲ್ಲ. ದ್ವೀಪದ ಮಳೆಯನ್ನು ಇನ್ನೊಬ್ಬರು ಇನ್ನೊಂದು ಮಳೆಗಾಲದಲ್ಲಿ ಹಿಡಿದಾರು. ಆ ಹೊಸ್ತಿಲನ್ನು ಹಾಗೆ ಕಾಣಿಸುವುದು ಕಷ್ಟ ಎಂದು ನನ್ನ ವಾದ. ಅಪಾರ್ಟ್‌ಮೆಂಟಿನ ಗೆಳೆಯ ಒಪ್ಪುವುದಿಲ್ಲ, ಅವನಿಗೆ ‘ತಬರನ ಕಥೆ’ಯ ಮುಂದೆ ಉಳಿದದ್ದೆಲ್ಲ ನೀರು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಚಾರುಹಾಸನ್ ಅವರನ್ನು ಎದುರಿಗಿಟ್ಟರೆ ನನ್ನ ಬಳಿ ಸುಲಭದ ಉತ್ತರ ಇರುವುದಿಲ್ಲ. ಆದರೂ ಬಿಡುವುದಿಲ್ಲ, ಕಳೆದ ಭಾನುವಾರವೂ ಬಿಡಲಿಲ್ಲ.