ಪರಂಗಿಮಲೆಯ ಮಕರತೋರಣ

ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಹೆಚ್ಚೆಂದರೆ ಮುನ್ನೂರು ಅಡಿಯ ಗುಡ್ಡ. ಊರವರಿಗೆ ಅದು ಪರಂಗಿಮಲೆ. ಧನುರ್ಮಾಸದ ಎಳೆಬಿಸಿಲಿನಲ್ಲಿ, ಅಲ್ಲಲ್ಲಿ ನಿಲ್ಲುತ್ತಾ ಅದನ್ನು ಹತ್ತುವ ಸುಖವೇ ಬೇರೆ. ಈ ಮೆಟ್ಟಿಲು ಕಟ್ಟಿಸಿದವನು ಖ್ವಾಜಾ ಪೆಟ್ರಸ್ ಉಸ್ಕಾನ್ ಎಂಬ ಅರ್ಮೇನಿಯನ್ ವರ್ತಕ. ಯಾತ್ರಿಕರು ಅಡ್ಯಾರ್ ಹೊಳೆ ದಾಟಲೆಂದು 1726ರಲ್ಲಿ ಸೈದಾಪೇಟೆಯ ಸೇತುವೆಗೂ ಅವನೇ ಹಣ ಸುರಿದ. 1751ರಲ್ಲಿ ತೀರಿಕೊಂಡಾಗ ದೇಹ ವೇಪೇರಿಯ ಮಣ್ಣು ಸೇರಿತು. ಹೃದಯವನ್ನು ಮಾತ್ರ ಚಿನ್ನದ ಕರಡಿಗೆಯಲ್ಲಿಟ್ಟು ಪರ್ಷಿಯಾದ ಜುಲ್ಫಾಕ್ಕೆ ಕಳಿಸಿದರಂತೆ. ಊರು ಬಿಟ್ಟು ಬದುಕುವ ನಮ್ಮಂಥವರಿಗೆ ಈ ಕಥೆ ಕೇಳಿದರೆ ಗಂಟಲು ಕಟ್ಟುತ್ತದೆ.

ಮೇಲೆ ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಕಟ್ಟಿದ ಪುಟ್ಟ ಚರ್ಚು, ಪಕ್ಕದಲ್ಲೇ ಸಿಸ್ಟರ್‌ಗಳ ಕಾನ್ವೆಂಟು. ಸಂತ ಲೂಕನೇ ಬರೆದನೆಂದು ಭಕ್ತರು ನಂಬುವ ಮಾತೆಯ ಚಿತ್ರ ಒಳಗಿದೆ. ನನ್ನ ಕಣ್ಣು ಹೋಗುವುದು ಮಾತ್ರ ಬಲಿಪೀಠದ ಕಲ್ಲಿನ ಶಿಲುಬೆಗೆ. 1547ರಲ್ಲಿ ಪಾಯ ತೋಡುವಾಗ ಸಿಕ್ಕಿದ್ದು ಅದು. ಶಿಲುಬೆಯ ತುದಿಗಳು ಮೊಗ್ಗು ಬಿರಿದಂತಿವೆ. ಮೇಲಿನಿಂದ ಪಾರಿವಾಳವೊಂದು ತಲೆಕೆಳಗಾಗಿ ಇಳಿಯುತ್ತಿದೆ. ಎರಡೂ ಬದಿಗೆ ಕಂಬ, ಕಂಬದ ಮೇಲೆ ಮಕರ, ಮಕರಗಳ ಬಾಯಿಂದ ಹೊರಟು ನೆತ್ತಿಯಲ್ಲಿ ಕೂಡುವ ಕಮಾನು. ಬೇಲೂರು ಹಳೇಬೀಡು ಸುತ್ತಿದವರು ಗುರುತು ಹಿಡಿಯದೆ ಇರುತ್ತಾರೆಯೇ? ಆದರೆ ಅದರಂಚಿಗೆ ಕೊರೆದಿರುವುದು ಹಳೆಯ ಪರ್ಷಿಯಾದ ಪಹ್ಲವಿ ಅಕ್ಷರಗಳು. ವಿದ್ವಾಂಸರು ಒಬ್ಬೊಬ್ಬರು ಒಂದೊಂದು ರೀತಿ ಓದಿದ್ದಾರೆ. ಕೊಟ್ಟಾಯಂನ ವಲಿಯಪಳ್ಳಿಯಲ್ಲೂ ಇಂಥ ಶಿಲುಬೆಗಳಿವೆ. ವಾಸ್ಕೋ ಡ ಗಾಮ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು ಕಡಲು ದಾಟಿ ಬಂದ ಪೂರ್ವದ ಕ್ರೈಸ್ತರು, ತಮ್ಮ ಪ್ರಾರ್ಥನೆಯನ್ನು ಇಲ್ಲಿಯ ಕಲ್ಲುಕುಟಿಗನ ಕೈಗೆ ಕೊಟ್ಟಿರಬೇಕು. ಅವನು ತನಗೆ ಗೊತ್ತಿದ್ದ ಅತ್ಯಂತ ಗೌರವದ ಅಲಂಕಾರವನ್ನೇ ಪರದೇಶದ ದೇವರಿಗೂ ತೊಡಿಸಿದ. ನನಗೆ ಇದು ಈ ಬೆಟ್ಟದ ಎಲ್ಲ ಪವಾಡಕ್ಕಿಂತ ದೊಡ್ಡದು. ಡಿಸೆಂಬರ್ 18ರ ಪೂಜೆಯಲ್ಲಿ ಈ ಕಲ್ಲು ರಕ್ತ ಬೆವರುತ್ತಿತ್ತು, ಕೊನೆಯ ಬಾರಿ 1704ರಲ್ಲಿ, ಎಂಬ ನಂಬಿಕೆಯೂ ಇದೆ.

ಇಳಿದ ಮೇಲೆ ಹೊತ್ತಿದ್ದರೆ ಲೋಕಲ್ ರೈಲಿನಲ್ಲಿ ಬೀಚ್ ಸ್ಟೇಷನ್ನಿಗೆ ಹೋಗಿ. ಅರ್ಮೇನಿಯನ್ ಸ್ಟ್ರೀಟಿನಲ್ಲಿ ಉಸ್ಕಾನನ ಜನರ ಆರ್ಥೊಡಾಕ್ಸ್ ಚರ್ಚಿದೆ, 1772ರದ್ದು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದಾರಾರ್' 1794ರಲ್ಲಿ ಅಚ್ಚಾದದ್ದು ಇದೇ ಮದರಾಸಿನಲ್ಲಿ. ಅದನ್ನು ಹೊರತಂದ ಪಾದ್ರಿ ಹರುತ್ಯುನ್ ಶ್ಮಾವೋನಿಯನ್ ಸಮಾಧಿ ಆ ಅಂಗಳದಲ್ಲೇ ಇದೆ. ಪರವೂರಿನಲ್ಲಿ ಕನ್ನಡ ಪತ್ರಿಕೆ ನಡೆಸಲು ಹೆಣಗುವವರೆಲ್ಲ ಒಮ್ಮೆ ನೋಡಬೇಕಾದ ಜಾಗ.